ಸುಂಟರಗಾಳಿ ಸೈರನ್ ಕಂಬವನ್ನು ಊರಿನ ಪಶ್ಚಿಮಕ್ಕೆ ಸಾಗಿಸಬೇಕಿದೆ, ಕೈಯಲ್ಲಿರುವುದು 18 ಸಾವಿರ ಡಾಲರ್

ಪ್ಲಾಟ್‌ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನಾನು ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ, ಸುಮಾರು ಮೂರು ಸಾವಿರ ಜನರಿರುವ ಒಂದು ಊರಿನಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ಮೆಕ್ಕೆಜೋಳದ ಕಾರ್ಖಾನೆಯೊಂದರಲ್ಲಿ ವಿದ್ಯುತ್ ನಿರ್ವಹಣೆಯ ಕೆಲಸ ನನ್ನದು. ಆ ಕಾರಣಕ್ಕೇ ಇರಬೇಕು, ಊರಿನ ಸೈರನ್‌ಗಳ ಬಗ್ಗೆ ವರದಿ ಕೊಡಲು ಸಿಟಿ ಕೌನ್ಸಿಲ್ ನೇಮಿಸಿದ ಐವರ ಸಮಿತಿಗೆ ಕಳೆದ ಚಳಿಗಾಲದಲ್ಲಿ ನನ್ನ ಹೆಸರನ್ನೂ ಸೇರಿಸಿಬಿಟ್ಟರು. ದಾವಣಗೆರೆಯಲ್ಲಿ ಬೆಳೆದ ನನಗೆ ಸೈರನ್ ಎಂದರೆ ಮಿಲ್ಲಿನ ಪಾಳಿ ಬದಲಾಗುವ ಹೊತ್ತು ಎಂದಷ್ಟೇ ಗೊತ್ತಿತ್ತು. ಈ ಬಯಲಿನಲ್ಲಿ ಅದೇ ಕೂಗಿಗೆ ಜನ ಮಕ್ಕಳನ್ನೆತ್ತಿಕೊಂಡು ನೆಲಮಾಳಿಗೆಗೆ ಇಳಿಯುತ್ತಾರೆ. 2014ರ ಜೂನ್ 16ರಂದು ಇದೇ ರಾಜ್ಯದ ಪಿಲ್ಜರ್ ಎಂಬ ಪುಟ್ಟ ಊರಿನ ಬಹುಭಾಗವನ್ನು ಸುಂಟರಗಾಳಿ ನೆಲಕ್ಕೆ ಕೆಡವಿದ್ದನ್ನು ಹತ್ತಿರದಿಂದ ಕಂಡವರು ನಮ್ಮ ಸಮಿತಿಯಲ್ಲೇ ಇಬ್ಬರಿದ್ದಾರೆ.

ಊರಿನಲ್ಲಿ ಈಗ ಮೂರು ಸೈರನ್‌ಗಳಿವೆ. ಮೊದಲನೆಯದು ಶೀತಲ ಸಮರದ ಕಾಲದ, ಥಂಡರ್‌ಬೋಲ್ಟ್ ಎಂಬ ಮಾದರಿಯ ಸೈರನ್. ಅದು ಊರಿನ ನಡುವೆ ಇರುವ ಅಗ್ನಿಶಾಮಕ ಠಾಣೆಯ ಮಾಳಿಗೆಯ ಮೇಲೆ ಕುಳಿತಿದೆ, ಮೂರು ಫೇಸ್ ವಿದ್ಯುತ್ತಿನಿಂದ ನಡೆಯುತ್ತದೆ. ಹಳೆಯ ಕಡತದಲ್ಲಿ ನೂರು ಅಡಿ ದೂರದಲ್ಲಿ 125 ಡೆಸಿಬೆಲ್ ಎಂದು ಬರೆದಿದೆ. ಎರಡನೆಯದು ಬ್ಯಾಟರಿಯಿಂದ ನಡೆಯುವ, ಸುತ್ತ ತಿರುಗುವ ಸೈರನ್. ಅದರ ಫಲಕದ ಮೇಲೆ 127 ಡೆಸಿಬೆಲ್ ಎಂದಿದೆ. ಇದು ಠಾಣೆಯಿಂದ ಪೂರ್ವಕ್ಕೆ 3,500 ಅಡಿ ದೂರದಲ್ಲಿ, ಈಗ ಮುಚ್ಚಿಹೋಗಿರುವ ಧಾನ್ಯದ ಉಗ್ರಾಣದ ಪಕ್ಕದಲ್ಲಿದೆ. ಮೂರನೆಯದು ಉದ್ಯಾನದಲ್ಲಿರುವ 115 ಡೆಸಿಬೆಲ್‌ನ ಚಿಕ್ಕ ಸೈರನ್.

ತೊಂದರೆ ಏನೆಂದರೆ, ಈ ಮೂರನ್ನೂ ನೆಟ್ಟ ಮೇಲೆ ಊರು ಹೆದ್ದಾರಿಯನ್ನು ಹಿಡಿದುಕೊಂಡು ಪಶ್ಚಿಮಕ್ಕೆ ಬೆಳೆದಿದೆ. ಹೊಸ ಪ್ರೌಢಶಾಲೆ, ಅದರ ಆಟದ ಮೈದಾನಗಳು, ಅರವತ್ತರಷ್ಟು ಮೊಬೈಲ್ ಹೋಮ್‌ಗಳು (ಕಾರ್ಖಾನೆಯಲ್ಲಿ ಕಟ್ಟಿ ತಂದು ನಿಲ್ಲಿಸುವ ಹಗುರ ಮನೆಗಳು) ಇರುವ ಬಡಾವಣೆ, ಎಲ್ಲವೂ ಠಾಣೆಯಿಂದ ಒಂದೂವರೆ ಮೈಲಿಗೂ ಆಚೆ ಇವೆ. ಕಳೆದ ಮೇ ತಿಂಗಳಲ್ಲಿ ಮೈದಾನದಲ್ಲಿ ಪಂದ್ಯ ನಡೆಯುತ್ತಿದ್ದಾಗ ಸೈರನ್ ಕೂಗಿತು. ಅಲ್ಲಿದ್ದ ಹೆಚ್ಚಿನವರಿಗೆ ಅದು ಕೇಳಲೇ ಇಲ್ಲ, ಯಾರದೋ ಫೋನು ಬಡಿದುಕೊಂಡ ಮೇಲಷ್ಟೇ ವಿಷಯ ತಿಳಿಯಿತು. ಅದೃಷ್ಟವಶಾತ್ ಅಂದು ಸುಂಟರಗಾಳಿ ನೆಲಕ್ಕಿಳಿಯಲಿಲ್ಲ.

ಕೌನ್ಸಿಲ್ ಎತ್ತಿಟ್ಟಿರುವ ಹಣ 18,000 ಡಾಲರ್. ಒಬ್ಬ ಗುತ್ತಿಗೆದಾರರು ಹೊಸ ಸೈರನ್ ನೆಟ್ಟು ಕೊಡಲು 31,000, ಇರುವ ಒಂದನ್ನು ಸಾಗಿಸಿ ನೆಡಲು 15,500 ಕೇಳಿದ್ದಾರೆ. ನನ್ನ ಪ್ರಶ್ನೆಗಳಿವು: ಯಾವ ಸೈರನ್ನನ್ನು ತೆಗೆದು ಎಲ್ಲಿ ನೆಡಬೇಕೆಂದು ನಿರ್ಧರಿಸುವ ಲೆಕ್ಕ ಯಾವುದು? ಹಳೆಯ ಕಂಬವನ್ನೇ ಮತ್ತೆ ಬಳಸಬಹುದೇ? ಸಾಗಣೆಯ ಖರ್ಚನ್ನು ಎಲ್ಲಿ ಇಳಿಸಬಹುದು, ಎಲ್ಲಿ ಇಳಿಸಲೇಬಾರದು? ವಿದ್ಯುತ್, ರೇಡಿಯೊ ಮತ್ತು ಶಬ್ದಶಾಸ್ತ್ರ ಬಲ್ಲವರು ಈ ಬಳಗದಲ್ಲಿ ಅನೇಕರಿದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ.


ಶಬ್ದವೇಧಿ

ನಮಸ್ಕಾರ. ಯಂತ್ರಗಳ ಸದ್ದನ್ನು ಅಳೆಯುವುದು ನನ್ನ ವೃತ್ತಿ, ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ.

ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ ಎಂಬುದು ಪುಸ್ತಕದ ಮಾತು. ಆದರೆ ನೆಲ, ಮರ, ಮನೆಗಳು ನುಂಗಿಹಾಕುವುದನ್ನೂ ಸೇರಿಸಿ, ಸೈರನ್ ಯೋಜನೆಯವರು ಪ್ರತಿ ಇಮ್ಮಡಿಗೆ 10 ಡೆಸಿಬೆಲ್ ಕಳೆಯುತ್ತಾರೆ. ಅಮೆರಿಕದ ತುರ್ತು ನಿರ್ವಹಣಾ ಸಂಸ್ಥೆಯಾದ ಫೆಮಾದ ಹಳೆಯ ಮಾರ್ಗದರ್ಶಿಯಿಂದ ಬಂದಿರುವ ಈ ರೂಢಿ ಸಣ್ಣ ಊರಿಗೆ ಧಾರಾಳವಾಗಿ ಸಾಕು. ಸೈರನ್ನಿನ ಫಲಕದ ಮೇಲಿರುವ ಸಂಖ್ಯೆ ನೂರು ಅಡಿ ದೂರದ್ದು. ಅಲ್ಲಿಂದ ಇನ್ನೂರು, ನಾನೂರು, ಎಂಟುನೂರು ಎಂದು ಹೆಚ್ಚಿಸುತ್ತಾ ಹತ್ತು ಹತ್ತು ಕಳೆಯುತ್ತಾ ಹೋಗಿ, 70 ಡೆಸಿಬೆಲ್ ತಲುಪಿದಲ್ಲಿ ನಿಲ್ಲಿರಿ. ಊರೊಳಗಿನ ಸಾಮಾನ್ಯ ಗದ್ದಲದ ಮೇಲೆ ಸೈರನ್ ಎದ್ದು ಕೇಳಬೇಕಾದರೆ ಗದ್ದಲಕ್ಕಿಂತ ಹತ್ತು ಡೆಸಿಬೆಲ್‌ನಷ್ಟಾದರೂ ಮೇಲಿರಬೇಕು ಎಂಬ ಲೆಕ್ಕದಿಂದ ಆ 70 ಬಂದಿದೆ.

ಇದನ್ನು ನಿಮ್ಮ ಮೂರಕ್ಕೂ ಹಚ್ಚಿ ನೋಡಿದೆ. ಥಂಡರ್‌ಬೋಲ್ಟಿನ ಎಲ್ಲೆ ಸುಮಾರು 4,500 ಅಡಿ, ಪೂರ್ವದ ಸೈರನ್ನಿನದು 5,200 ಅಡಿ, ಎಂದರೆ ಒಂದು ಮೈಲಿಗೆ ತುಸು ಕಡಿಮೆ, ಉದ್ಯಾನದ ಚಿಕ್ಕದರದು 2,250 ಅಡಿ. ಶಾಲೆ ಠಾಣೆಯಿಂದ 8,500 ಅಡಿ ದೂರದಲ್ಲಿದೆ ಎಂದಿಟ್ಟುಕೊಂಡರೆ ಥಂಡರ್‌ಬೋಲ್ಟ್ ಅಲ್ಲಿಗೆ ಮುಟ್ಟಿಸುವುದು ಬರೀ 61 ಡೆಸಿಬೆಲ್. ಪಂದ್ಯದ ಕೂಗಾಟದ ನಡುವೆ ಅದು ಕೇಳದೇ ಹೋದದ್ದು ಸಹಜವೇ. ಈಗ ಊರಿನ ನಕ್ಷೆಯ ಮೇಲೆ ಕೈವಾರ ಹಿಡಿದು ಮೂರು ವೃತ್ತಗಳನ್ನು ಎಳೆಯಿರಿ. ಪೂರ್ವದ ಸೈರನ್ನಿನ ವೃತ್ತದಲ್ಲಿ ಅರ್ಧ ಭಾಗ ಜೋಳದ ಹೊಲಕ್ಕೂ ಉಳಿದರ್ಧದ ಬಹುಪಾಲು ಥಂಡರ್‌ಬೋಲ್ಟ್ ಈಗಾಗಲೇ ತಲುಪುವ ಬೀದಿಗಳಿಗೂ ಹೋಗುತ್ತಿರುವುದು ಕಾಣುತ್ತದೆ. ಮೂರರಲ್ಲಿ ಹೆಚ್ಚು ಸದ್ದು ಮಾಡುವ, ಕರೆಂಟು ಹೋದರೂ ಕೂಗಬಲ್ಲ ಸೈರನ್ನೇ ಅತಿ ಕಡಿಮೆ ಜನರಿಗೆ ಕೂಗುತ್ತಿದೆ. ಸಾಗಿಸಬೇಕಾದದ್ದು ಅದನ್ನೇ.

ಎಲ್ಲಿಗೆ ಎಂಬುದರಲ್ಲಿ ಗಾಳಿಯ ಮಾತು ಬರುತ್ತದೆ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಗಾಳಿ ಬೀಸುವ ದಿಕ್ಕಿಗೆ ಸಾಗುವ ಸದ್ದು ನೆಲದ ಕಡೆಗೆ ಬಾಗುತ್ತದೆ. ಎದುರುಗಾಳಿಯಲ್ಲಿ ಅದು ಮೇಲಕ್ಕೆ ಬಾಗಿ ನೆಲದಲ್ಲಿರುವವರ ತಲೆಯ ಮೇಲಿಂದ ಹಾದುಹೋಗುತ್ತದೆ. ನಿಮ್ಮ ಬಯಲಿನಲ್ಲಿ ಸುಂಟರಗಾಳಿ ಹುಟ್ಟುವ ದಿನಗಳಲ್ಲಿ ನೆಲದ ಬಳಿಯ ಗಾಳಿ ಸಾಮಾನ್ಯವಾಗಿ ದಕ್ಷಿಣದಿಂದ ಅಥವಾ ಆಗ್ನೇಯದಿಂದ ಬಲವಾಗಿ ಬೀಸುತ್ತಿರುತ್ತದೆ. ಹಾಗಾಗಿ ಕಾಗದದ ಮೇಲೆ ದುಂಡಗೆ ಎಳೆದ ವೃತ್ತ ಆ ದಿನ ಉತ್ತರಕ್ಕೆ ಜರುಗಿ, ದಕ್ಷಿಣದಲ್ಲಿ ಕುಗ್ಗಿರುತ್ತದೆ. ಎರಡು ಜಾಗಗಳು ಬೇರೆಲ್ಲದರಲ್ಲಿ ಸಮವಾಗಿದ್ದರೆ, ಜನವಸತಿಯ ದಕ್ಷಿಣದ ಅಂಚಿಗೆ ಹತ್ತಿರವಿರುವುದನ್ನು ಆರಿಸಿಕೊಳ್ಳಿ. ಬಿಸಿಲಿನಲ್ಲಿ ಕಾದ ನೆಲದ ಮೇಲೆ ಸದ್ದು ಮೇಲೆದ್ದು ಹೋಗುತ್ತದೆ, ಸಂಜೆಯ ತಂಪಿನಲ್ಲಿ ದೂರದವರೆಗೂ ಹರಿಯುತ್ತದೆ. ಅದಕ್ಕೇ ಒಂದು ಶಾಂತ ಸಂಜೆ ಎರಡು ಮೈಲಿ ಆಚೆಗೂ ಕೇಳಿಸಿತು ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ ಅದನ್ನು ನಂಬಿ ಕಂಬ ನೆಡಬೇಡಿ.

ಕೊನೆಯದಾಗಿ, ಲೆಕ್ಕ ಸರಿಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ತಿಂಗಳಿಗೊಮ್ಮೆ ಸೈರನ್ ಕೂಗಿಸಿ ನೋಡುವ ಪರೀಕ್ಷೆಯ ದಿನ ಇಪ್ಪತ್ತು ಮಂದಿಯನ್ನು ಇಪ್ಪತ್ತು ಕಡೆ ಮನೆಯ ಹೊರಗೆ ನಿಲ್ಲಿಸಿ, ಸ್ಪಷ್ಟವಾಗಿ ಕೇಳಿತೇ, ಕಷ್ಟಪಟ್ಟು ಕೇಳಿತೇ, ಕೇಳಲಿಲ್ಲವೇ ಎಂದು ಬರೆದುಕೊಳ್ಳಲು ಹೇಳಿರಿ. ಫೋನಿನ ಡೆಸಿಬೆಲ್ ಆ್ಯಪ್‌ಗಳ ಅಂಕಿಗಿಂತ ಇದೇ ಹೆಚ್ಚು ನಂಬಿಕೆಗೆ ಯೋಗ್ಯ. ಮನೆಯೊಳಗೆ ಕೇಳುತ್ತದೆಯೇ ಎಂದು ಮಾತ್ರ ಕೇಳಬೇಡಿ. ಕಿಟಕಿ ಮುಚ್ಚಿ ಏಸಿ ಹಾಕಿದ ಮನೆಯ ಗೋಡೆ ಇಪ್ಪತ್ತು ಡೆಸಿಬೆಲ್‌ಗೂ ಹೆಚ್ಚು ತಡೆಯುತ್ತದೆ. ಹೊರಾಂಗಣ ಸೈರನ್ ಹೊರಗಿರುವವರಿಗಾಗಿ ಇರುವುದು.


ಮೂರನೇಫೇಸ್

ಶಬ್ದವೇಧಿಯವರು ವೃತ್ತ ಎಳೆದುಕೊಟ್ಟಿದ್ದಾರೆ, ನಾನು ಗುಂಡಿ ತೋಡುವ ಬಗ್ಗೆ ಹೇಳುತ್ತೇನೆ. ಅಯೋವಾದ ಒಂದು ಸಣ್ಣ ಊರಿನ ವಿದ್ಯುತ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಇದುವರೆಗೆ ಎರಡು ಸೈರನ್‌ಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದ್ದೇವೆ. ಮೊದಲನೆಯದರಲ್ಲಿ ಮಾಡಿದ ತಪ್ಪುಗಳೇ ಎರಡನೆಯದರ ಉಳಿತಾಯ.

ನಿಮಗೆ ಬಂದಿರುವ 15,500ರ ಲೆಕ್ಕವನ್ನು ಬಿಡಿಸಿ ಕೊಡಲು ಗುತ್ತಿಗೆದಾರರನ್ನು ಕೇಳಿರಿ. ಸೈರನ್ನಿಗೆ ತಗಲುವುದು ಕಡಿಮೆ. ಕಂಬ, ಅದನ್ನು ಎತ್ತುವ ಲಾರಿ, ದೂರದಿಂದ ಬಂದು ಉಳಿದುಕೊಳ್ಳುವ ನಾಲ್ಕು ಜನರ ಕೂಲಿ, ಹೊಸ ವಿದ್ಯುತ್ ಸಂಪರ್ಕ, ಇವೇ ಮೊತ್ತದ ಬಹುಪಾಲು. ನೆಬ್ರಾಸ್ಕಾದಲ್ಲಿ ನಿಮಗೊಂದು ಅನುಕೂಲವಿದೆ, ಇಡೀ ಅಮೆರಿಕದಲ್ಲಿ ವಿದ್ಯುತ್ ವಿತರಣೆಯೆಲ್ಲ ಸಾರ್ವಜನಿಕ ಒಡೆತನದಲ್ಲಿರುವ ರಾಜ್ಯ ಅದೊಂದೇ. ಊರಿಗೆ ಸ್ವಂತ ವಿದ್ಯುತ್ ವಿಭಾಗ ಇದ್ದರೆ ಗುಂಡಿ ಕೊರೆದು ಕಂಬ ನಿಲ್ಲಿಸುವ ಲಾರಿ ನಿಮ್ಮದೇ ಶೆಡ್ಡಿನಲ್ಲಿ ನಿಂತಿರುತ್ತದೆ. ಇಲ್ಲದಿದ್ದರೆ ಆ ಭಾಗಕ್ಕೆ ವಿದ್ಯುತ್ ಹಂಚುವ ಸಾರ್ವಜನಿಕ ಸಂಸ್ಥೆಯವರಿಗೆ (ಪಬ್ಲಿಕ್ ಪವರ್ ಡಿಸ್ಟ್ರಿಕ್ಟ್) ಒಂದು ಪತ್ರ ಬರೆಯಿರಿ. ಸೈರನ್ ಕಂಬವೆಂದರೆ ಸಾಮಾನ್ಯವಾಗಿ ಯಾರೂ ಇಲ್ಲ ಎನ್ನುವುದಿಲ್ಲ.

ಜಾಗದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಊರಿನ ಸ್ವಂತ ನೆಲ, ಅಲ್ಲಿ ಆಗಲೇ ವಿದ್ಯುತ್ ಮೀಟರು, ಚಳಿಗಾಲದಲ್ಲೂ ಲಾರಿ ಹೋಗುವ ದಾರಿ, ಈ ಮೂರೂ ಇರುವ ಕಡೆಯೇ ಕಂಬ ನಿಲ್ಲಬೇಕು. ಖಾಸಗಿ ನೆಲದಲ್ಲಿ ನೆಟ್ಟರೆ ಒಪ್ಪಂದ, ವಕೀಲರು ಎಂದು ಆರು ತಿಂಗಳು ಕಳೆಯುತ್ತದೆ, ಮುಂದೆ ನೆಲ ಕೈ ಬದಲಾದಾಗ ಮತ್ತೆ ಅದೇ ಗೋಳು. ನೀರಿನ ಟ್ಯಾಂಕಿನ ಅಂಗಳ, ಒಳಚರಂಡಿಯ ಪಂಪ್‌ಹೌಸ್, ರಸ್ತೆ ವಿಭಾಗದ ಉಗ್ರಾಣ, ಇಂಥವನ್ನು ಮೊದಲು ನೋಡಿ. ನಕ್ಷೆಯ ಪ್ರಕಾರ ಅತ್ಯುತ್ತಮವಾದ ಜಾಗಕ್ಕಿಂತ ಮುನ್ನೂರು ಅಡಿ ಆಚೀಚೆ ಇದ್ದರೂ ಸದ್ದಿನಲ್ಲಿ ಆಗುವ ವ್ಯತ್ಯಾಸ ಅಷ್ಟಕ್ಕಷ್ಟೇ, ಉಳಿಯುವ ಹಣ ಮಾತ್ರ ಸಾವಿರಗಳಲ್ಲಿ. ಟ್ಯಾಂಕಿಗೇ ಸೈರನ್ ಕಟ್ಟುವ ಆಸೆ ಯಾರಿಗಾದರೂ ಬಂದರೆ ಬೇಡವೆನ್ನಿ, ಉಕ್ಕಿನ ಟ್ಯಾಂಕು ಒಂದು ಬದಿಗೆ ಸದ್ದಿನ ನೆರಳು ಹಾಕುತ್ತದೆ.

ಹಳೆಯ ಕಂಬವನ್ನು ಮತ್ತೆ ಬಳಸಬಹುದೇ ಎಂದು ಕೇಳಿದ್ದೀರಿ. ಮರದ ಕಂಬವಾದರೆ ಬೇಡ. ನೆಲ ಮತ್ತು ಗಾಳಿ ಸೇರುವ ಮಟ್ಟದಲ್ಲಿಯೇ ಅದು ಒಳಗಿನಿಂದ ಕೊಳೆಯುವುದು, ಹೊರಗೆ ನೋಡಿದರೆ ಗಟ್ಟಿಮುಟ್ಟಾಗಿರುತ್ತದೆ. ನಮ್ಮ ಮೊದಲ ಸಾಗಣೆಯಲ್ಲಿ ಐದಾರು ನೂರು ಡಾಲರ್ ಉಳಿಸಲು ಹೋಗಿ, ಕೀಳುವಾಗ ಕಂಬ ಬುಡದಲ್ಲಿ ಮುರಿದು, ಸೈರನ್ ಲಾರಿಯ ಕೊಕ್ಕೆಯಲ್ಲೇ ಓಲಾಡಿತು. ಅದನ್ನು ಈಗಲೂ ನಗುತ್ತಾ ನೆನೆಯಲು ನನ್ನಿಂದಾಗುವುದಿಲ್ಲ. ಹೊಸ ಕಂಬ 55 ಅಡಿಯದ್ದಿರಲಿ. ಉದ್ದದ ಹತ್ತನೇ ಒಂದು ಭಾಗ ಮತ್ತು ಇನ್ನೆರಡು ಅಡಿ ನೆಲದೊಳಗೆ ಹೋಗಬೇಕು ಎಂಬುದು ಲೈನ್‌ಮನ್‌ಗಳ ನಿಯಮ. ಆ ಪ್ರಕಾರ ಏಳೂವರೆ ಅಡಿ ಹೂತು, ನೆಲದ ಮೇಲೆ ಸುಮಾರು 47 ಅಡಿ ಉಳಿಯುತ್ತದೆ. ಇದಕ್ಕಿಂತ ಗಿಡ್ಡ ಕಂಬ ಸಿಕ್ಕಿತೆಂದು ಒಪ್ಪಬೇಡಿ. ಎತ್ತರ ಸದ್ದನ್ನು ಮನೆ ಮತ್ತು ಮರಗಳ ಮೇಲಿಂದ ದಾಟಿಸುತ್ತದೆ, ಜೊತೆಗೆ ಕೆಳಗೆ ನಿಂತವರ ಕಿವಿಯನ್ನೂ ಕಾಪಾಡುತ್ತದೆ. ಜನ ನಿಲ್ಲಬಹುದಾದ ಯಾವ ಜಾಗದಲ್ಲೂ ಸದ್ದು 123 ಡೆಸಿಬೆಲ್ ಮೀರಬಾರದು ಎಂಬ ಮಿತಿ ಇದೆ. ಮೈದಾನದ ಮೆಟ್ಟಿಲುಗಳ ಪಕ್ಕದಲ್ಲೇ ಕಂಬ ನೆಡುವ ಸಲಹೆ ಖಂಡಿತ ಬರುತ್ತದೆ, ಅದನ್ನು ತಳ್ಳಿಹಾಕಲು ಈ ಸಂಖ್ಯೆ ನೆನಪಿರಲಿ. ಗುಂಡಿ ತೋಡುವ ಮೊದಲು 811ಕ್ಕೆ ಕರೆ ಮಾಡಿ ನೆಲದಡಿಯ ಅನಿಲ, ನೀರು, ಕೇಬಲ್‌ಗಳ ಗುರುತು ಹಾಕಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ.

ನಿಮ್ಮ ತಿರುಗುವ ಸೈರನ್ ನಾಲ್ಕು 12 ವೋಲ್ಟ್ ಬ್ಯಾಟರಿಗಳ, ಒಟ್ಟು 48 ವೋಲ್ಟಿನ ಜಾತಿಯದಾಗಿದ್ದರೆ, ಹೊಸ ಜಾಗದಲ್ಲಿ ಬೇಕಾಗುವುದು ಚಾರ್ಜರಿಗೆ ಸಾಕಾಗುವಷ್ಟು ಮಾಮೂಲಿ 120 ವೋಲ್ಟ್ ಸಂಪರ್ಕ ಮಾತ್ರ. ಆದರೆ ಬ್ಯಾಟರಿ ಪೆಟ್ಟಿಗೆಯನ್ನು ಪಂಪ್‌ಹೌಸಿನ ಒಳಗೆ ಬೆಚ್ಚಗಿಟ್ಟು, ಅಲ್ಲಿಂದ ಕಂಬಕ್ಕೆ ಉದ್ದನೆಯ ತಂತಿ ಎಳೆಯೋಣ ಎಂದು ಯೋಚಿಸಬೇಡಿ. ಕಡಿಮೆ ವೋಲ್ಟೇಜಿನಲ್ಲಿ ಮೋಟಾರು ಎಳೆಯುವ ಕರೆಂಟು ಬಹಳ ಹೆಚ್ಚು, ತಂತಿ ಉದ್ದವಾದಷ್ಟೂ ವೋಲ್ಟೇಜು ದಾರಿಯಲ್ಲೇ ಕರಗಿ ಸೈರನ್ ಪೂರ್ತಿ ದನಿಗೆ ಏರುವುದೇ ಇಲ್ಲ. ಪೆಟ್ಟಿಗೆ ಅದೇ ಕಂಬದ ಮೇಲಿರಬೇಕು.

ಹಣ ಉಳಿಸಲೇಬಾರದ ಕಡೆ ಇನ್ನೂ ಎರಡಿವೆ: ಭೂಸಂಪರ್ಕ ಮತ್ತು ಸಿಡಿಲು ನಿರೋಧಕ. ಬಯಲಿನ ನಡುವೆ ಒಂಟಿಯಾಗಿ ನಿಂತ ಕಂಬದ ಕಷ್ಟವನ್ನು ನಿಮಗೆ ವಿವರಿಸಬೇಕಿಲ್ಲ. ಇನ್ನು ಸೈರನ್ ನೆಲದ ಮೇಲಿರುವ ಆ ಒಂದು ದಿನವನ್ನು ವ್ಯರ್ಥ ಮಾಡಬೇಡಿ. ಮೋಟಾರಿನ ಬ್ರಷ್, ತಿರುಗುವ ಭಾಗದ ಗ್ರೀಸ್, ಕೊಂಬಿನೊಳಗಿನ ಹಕ್ಕಿ ಗೂಡು ಮತ್ತು ಕಣಜದ ಗೂಡು, ಎಲ್ಲವನ್ನೂ ಆಗಲೇ ನೋಡಿ ಮುಗಿಸಿ. ಮೇಲೆ ಹೋದ ಮೇಲೆ ಇದೇ ಕೆಲಸಕ್ಕೆ ಬಕೆಟ್ ಲಾರಿ ಬೇಕಾಗುತ್ತದೆ. ಬ್ಯಾಟರಿಗಳಿಗೆ ಮೂರು ನಾಲ್ಕು ವರ್ಷ ಆಗಿದ್ದರೆ ಈಗಲೇ ಹೊಸದನ್ನು ಹಾಕಿಬಿಡಿ.

ಸಮಯದ ಬಗ್ಗೆ ಒಂದು ಮಾತು. ಮೊದಲು ಹೊಸ ಕಂಬ ನೆಟ್ಟು, ವಿದ್ಯುತ್ ಕೊಟ್ಟು, ಆಮೇಲೆ ಒಂದೇ ದಿನದಲ್ಲಿ ಸೈರನ್ ವರ್ಗಾಯಿಸಿ. ಸೆಪ್ಟೆಂಬರ್ ಅಥವಾ ಅಕ್ಟೋಬರ್ ಒಳ್ಳೆಯದು, ಬಿರುಗಾಳಿಯ ಹಂಗಾಮು ಬಹುತೇಕ ಕಳೆದಿರುತ್ತದೆ, ನೆಲ ಇನ್ನೂ ಹೆಪ್ಪುಗಟ್ಟಿರುವುದಿಲ್ಲ.


ನೇರನುಡಿ

ಎಲ್ಲರೂ ಕಂಬದ ಉದ್ದಳತೆಯಲ್ಲಿ ಮುಳುಗಿರುವಾಗ ಅಪಸ್ವರ ಎತ್ತುತ್ತಿದ್ದೇನೆ, ಕ್ಷಮಿಸಿ. 18,000 ಡಾಲರನ್ನು ಸೈರನ್ನಿಗೆ ಏಕೆ ಸುರಿಯಬೇಕು? ಹವಾಮಾನ ಎಚ್ಚರಿಕೆಯ ರೇಡಿಯೊ ಒಂದಕ್ಕೆ ಮೂವತ್ತು ನಲವತ್ತು ಡಾಲರ್ ಆಗುತ್ತದೆ. ಅಷ್ಟು ಹಣದಲ್ಲಿ ಸುಮಾರು ಐದುನೂರು ಮನೆಗಳಿಗೆ, ಎಂದರೆ ನಿಮ್ಮ ಊರಿನ ಅರ್ಧದಷ್ಟು ಮನೆಗಳಿಗೆ, ಒಂದೊಂದು ಕೊಡಬಹುದು. ಅದು ನಡುರಾತ್ರಿಯಲ್ಲಿ ಮಲಗುವ ಕೋಣೆಯೊಳಗೇ ಕೂಗಿ ಎಬ್ಬಿಸುತ್ತದೆ, ಏನಾಗುತ್ತಿದೆ ಎಂದೂ ಹೇಳುತ್ತದೆ. 2012ರಿಂದ ಫೋನುಗಳಿಗೆ ನೇರವಾಗಿ ತುರ್ತು ಸಂದೇಶ ಬರುವ ವ್ಯವಸ್ಥೆಯೂ ಇದೆ. ನಿಮ್ಮ ಮೈದಾನದಲ್ಲಿ ಅಂದು ಜನರನ್ನು ಎಚ್ಚರಿಸಿದ್ದು ಫೋನೇ ತಾನೇ? ಮೊಬೈಲ್ ಹೋಮ್‌ಗಳಲ್ಲಿ ನೆಲಮಾಳಿಗೆ ಇರುವುದಿಲ್ಲ. ಸೈರನ್ ಕೇಳಿಸಿಕೊಂಡ ಆ ಅರವತ್ತು ಮನೆಯವರು ಓಡಿಹೋಗುವುದಾದರೂ ಎಲ್ಲಿಗೆ, ಅದನ್ನು ನಿಮ್ಮ ಸಮಿತಿ ಯೋಚಿಸಿದೆಯೇ?


ಹ್ಯಾಮ್‌ಹವ್ಯಾಸಿ

ನೇರನುಡಿಯವರ ಕೊನೆಯ ಪ್ರಶ್ನೆ ಬಹಳ ಮುಖ್ಯವಾದದ್ದು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಫೋನನ್ನೇ ನೆಚ್ಚಿಕೊಳ್ಳುವ ಮಾತನ್ನು ಒಪ್ಪಲಾರೆ. ಹೊಲದಲ್ಲಿ ಟ್ರ್ಯಾಕ್ಟರಿನ ಮೇಲಿರುವವರ, ಮೈದಾನದಲ್ಲಿ ಓಡುತ್ತಿರುವ ಮಕ್ಕಳ ಕೈಯಲ್ಲಿ ಫೋನಿರುವುದಿಲ್ಲ. ಬಿರುಗಾಳಿಯಲ್ಲಿ ಮೊದಲು ಬೀಳುವ ಗೋಪುರಗಳಲ್ಲಿ ಮೊಬೈಲ್ ಗೋಪುರವೂ ಒಂದಾಗಿರಬಹುದು.

ನಾನು ರೇಡಿಯೊ ಹವ್ಯಾಸಿ, ಕೆಲವು ವರ್ಷ ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ತುರ್ತು ಕರೆ ಕೇಂದ್ರದ ಉಪಕರಣಗಳನ್ನು ನೋಡಿಕೊಂಡಿದ್ದೆ. ಸೈರನ್ ಸಾಗಿಸುವವರು ಕಂಬ ಮತ್ತು ವಿದ್ಯುತ್ತಿನ ಬಗ್ಗೆ ತಲೆ ಕೆಡಿಸಿಕೊಂಡು, ಕೌಂಟಿಯಿಂದ ಬರುವ ಸಂಕೇತ ಹಿಡಿದು ಅದನ್ನು ಕೂಗಿಸುವ ರೇಡಿಯೊವನ್ನು ಕಡೆಗಣಿಸುವುದನ್ನು ಕಂಡಿದ್ದೇನೆ. ಪೂರ್ವದಲ್ಲಿ ಚೆನ್ನಾಗಿ ಸಿಗುತ್ತಿದ್ದ ಸಂಕೇತ ಎರಡು ಮೈಲಿ ಪಶ್ಚಿಮದ ತಗ್ಗಿನಲ್ಲಿ ದುರ್ಬಲವಾಗಿರಬಹುದು. ಕಂಬ ನೆಡುವ ಮೊದಲೇ, ಕೌಂಟಿಯ ಅದೇ ತರಂಗಾಂತರಕ್ಕೆ ಹೊಂದಿಸಿದ ಒಂದು ಕೈರೇಡಿಯೊ ಹಿಡಿದು ಆ ಜಾಗದಲ್ಲಿ ಅರ್ಧ ಗಂಟೆ ನಿಂತುಕೊಳ್ಳಿ. ಸೈರನ್ನಿನ ಗ್ರಾಹಕ ರೇಡಿಯೊ (ರಿಸೀವರ್) ಯಾವ ಕಾಲದ್ದು ಎಂದೂ ನೋಡಿ. 2013ರ ಜನವರಿ 1ರಿಂದ ಈ ತರಂಗಾಂತರಗಳ ಪಟ್ಟಿಗಳಲ್ಲಿ (ಬ್ಯಾಂಡ್) ಪ್ರಸಾರದ ಅಗಲವನ್ನು ಅರ್ಧಕ್ಕೆ ಇಳಿಸಲಾಗಿದೆ. ಹಳೆಯ ಅಗಲದ ಗ್ರಾಹಕ ಹತ್ತಿರದಲ್ಲಿ ಹೇಗೋ ಕೆಲಸ ನಡೆಸಿ, ದೂರ ಹೋದೊಡನೆ ಕೈಕೊಡುತ್ತದೆ.

ಸೈರನ್ ಕೂಗಿಸುವ ರೇಡಿಯೊ ಸಂಕೇತ ಸುಲಭದ್ದಾದರೆ ಬೇರೆಯವರೂ ಕೂಗಿಸಬಲ್ಲರು ಎಂಬುದಕ್ಕೆ ಡಲ್ಲಾಸ್ ನಗರವೇ ಸಾಕ್ಷಿ: 2017ರ ಏಪ್ರಿಲ್ 7ರ ನಡುರಾತ್ರಿಯ ಹೊತ್ತಿಗೆ ಯಾರೋ ರೇಡಿಯೊ ಮೂಲಕ ಆ ನಗರದ 156 ಸೈರನ್‌ಗಳನ್ನೂ ಒಟ್ಟಿಗೆ ಕೂಗಿಸಿಬಿಟ್ಟರು. ಹಾಗೆಂದು ಮೂರು ಸೈರನ್ ಇರುವ ನಿಮ್ಮ ಊರು ದೊಡ್ಡ ಗೂಢಲಿಪಿ ವ್ಯವಸ್ಥೆ ಕೊಳ್ಳಬೇಕಾಗಿಲ್ಲ. ಸಂಕೇತವನ್ನು ಬದಲಾಯಿಸಿ ಎಷ್ಟು ವರ್ಷವಾಯಿತು, ಅದು ಯಾರ ಯಾರ ಬಳಿ ಇದೆ ಎಂದು ಕೇಳಿಕೊಂಡರೂ ಸಾಕು. ಹಣ ಮಿಕ್ಕರೆ, ಕೂಗಿದೆನೋ ಇಲ್ಲವೋ, ಬ್ಯಾಟರಿ ಹೇಗಿದೆ ಎಂದು ತಿರುಗಿ ವರದಿ ಮಾಡುವ ನಿಯಂತ್ರಕವನ್ನು ಹಾಕಿಸಿ. ನನ್ನ ದೃಷ್ಟಿಯಲ್ಲಿ ಅದು ಇನ್ನೊಂದು ಚಿಕ್ಕ ಸೈರನ್ನಿಗಿಂತ ಮೇಲು.

ಇದಕ್ಕಿಂತಲೂ ಅಗ್ಗದ, ಆದರೆ ಇದಕ್ಕಿಂತಲೂ ಕಷ್ಟದ ಕೆಲಸ ಒಂದಿದೆ. ಗುಂಡಿ ಒತ್ತುವವರು ಯಾರು ಎಂದು ಬರವಣಿಗೆಯಲ್ಲಿ ತೀರ್ಮಾನಿಸುವುದು. 2025ರ ಮೇ 16ರಂದು ಸೇಂಟ್ ಲೂಯಿಸ್ ನಗರವನ್ನು ಸುಂಟರಗಾಳಿ ಸೀಳಿಕೊಂಡು ಹೋದಾಗ ನಗರದ ಸೈರನ್‌ಗಳು ಕೂಗಲಿಲ್ಲ, ಕೂಗಿಸುವ ಹೊಣೆ ಯಾರದ್ದೆಂಬ ಗೊಂದಲದಲ್ಲಿ. ಅದಕ್ಕೂ ಮುಂಚೆ, 2011ರ ಮೇ 22ರಂದು ಮಿಸ್ಸೌರಿಯ ಜಾಪ್ಲಿನ್‌ನಲ್ಲಿ ಸೈರನ್‌ಗಳು ಸಮಯಕ್ಕೆ ಸರಿಯಾಗಿಯೇ ಕೂಗಿದವು, ಆದರೂ 161 ಮಂದಿ ಸತ್ತರು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ಆ ದುರಂತವನ್ನು ಪರಿಶೀಲಿಸಿದಾಗ, ಕೂಗು ಕೇಳಿದ ಮೇಲೂ ಅನೇಕರು ಟೀವಿಯಲ್ಲಿ, ಆಕಾಶದಲ್ಲಿ, ನೆರೆಹೊರೆಯವರಲ್ಲಿ ಖಚಿತಪಡಿಸಿಕೊಳ್ಳುತ್ತಾ ನಿಂತಿದ್ದರು ಎಂಬುದು ತಿಳಿಯಿತು. ಆದ್ದರಿಂದ ನೇರನುಡಿಯವರ ಪ್ರಶ್ನೆಯನ್ನು ಸೈರನ್ನಿಗೆ ವಿರುದ್ಧವಾಗಿ ಇಡದೆ ಅದರ ಜೊತೆಗೇ ಇಡಬೇಕು. ಮೊಬೈಲ್ ಹೋಮ್‌ನವರಿಗೆ ಹೊಸ ಶಾಲೆಯ ಯಾವ ಬಾಗಿಲು, ರಾತ್ರಿಯ ಹೊತ್ತು ಯಾರು ತೆರೆದುಕೊಡುತ್ತಾರೆ ಎಂಬುದು ಮೊದಲು ತೀರ್ಮಾನವಾಗಲಿ. ಆ ಅರವತ್ತು ಮನೆಗಳಿಗೆ ಒಂದೊಂದು ರೇಡಿಯೊ ಕೊಡಲು ಎರಡೂವರೆ ಸಾವಿರದೊಳಗೆ ಆಗುತ್ತದೆ.

ಅನುದಾನದ ಬಗ್ಗೆ ಯಾರೂ ಹೇಳಲಿಲ್ಲ. ಫೆಮಾದ ಅಪಾಯ ತಗ್ಗಿಸುವ ಅನುದಾನದಲ್ಲಿ ಸೈರನ್‌ಗಳಿಗೆ ಅವಕಾಶವಿದೆ, ಸಾಮಾನ್ಯವಾಗಿ ಮುಕ್ಕಾಲು ಪಾಲು ಅವರದು, ಕಾಲು ಪಾಲು ನಿಮ್ಮದು. ಕೃಷಿ ಇಲಾಖೆಯ ಗ್ರಾಮೀಣ ಅಭಿವೃದ್ಧಿ ವಿಭಾಗವೂ ಇಪ್ಪತ್ತು ಸಾವಿರದೊಳಗಿನ ಜನಸಂಖ್ಯೆಯ ಊರುಗಳಿಗೆ ಕೊಡುತ್ತದೆ. ಆದರೆ ಅನುದಾನ ಮಂಜೂರಾಗುವ ಮೊದಲೇ ಕೆಲಸ ಆರಂಭಿಸಿದರೆ ಆ ಖರ್ಚನ್ನು ಅವರು ತುಂಬಿಕೊಡುವುದಿಲ್ಲ. ನನ್ನ ಸಲಹೆ, ಈ ಸಾಗಣೆಯನ್ನು ಸ್ವಂತ ಹಣದಲ್ಲಿ ಮುಗಿಸಿ, ಥಂಡರ್‌ಬೋಲ್ಟಿನ ಬದಲಿಗೆ ಮುಂದೆ ಬೇಕಾಗುವ ಹೊಸದಕ್ಕೆ ಅರ್ಜಿ ಹಾಕಿ. ಕರೆಂಟು ಹೋದರೆ ಮೂಕವಾಗುವ ಸೈರನ್ ಅದು, ಇಂದಲ್ಲ ನಾಳೆ ಅದರ ಪಾಳಿ ಬರಲೇಬೇಕು.


ಪ್ಲಾಟ್‌ತೀರ

ನಾಲ್ವರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳ ಸಾರಾಂಶವನ್ನು ಇಂಗ್ಲಿಷಿಗೆ ಮಾಡಿಕೊಂಡು ನಿನ್ನೆಯ ಸಮಿತಿ ಸಭೆಗೆ ಒಯ್ದಿದ್ದೆ.

ವೃತ್ತಗಳನ್ನು ಎಳೆದ ನಕ್ಷೆಯನ್ನು ಮೇಜಿನ ಮೇಲೆ ಹರಡಿದ ಮೇಲೆ, ಯಾವುದನ್ನು ಸಾಗಿಸಬೇಕೆಂಬ ವಾದ ಐದು ನಿಮಿಷದಲ್ಲಿ ಮುಗಿಯಿತು. ಹೊಸ ಜಾಗವೂ ಬಹುತೇಕ ಗೊತ್ತಾಗಿದೆ. ಹೆದ್ದಾರಿಯ ದಕ್ಷಿಣಕ್ಕೆ, ಠಾಣೆಯಿಂದ 6,800 ಅಡಿ ಪಶ್ಚಿಮದಲ್ಲಿ ಊರಿನದೇ ಒಳಚರಂಡಿ ಪಂಪ್‌ಹೌಸ್ ಇದೆ. ಅಲ್ಲಿ ಮೀಟರು ಇದೆ, ಜಲ್ಲಿ ಹಾಕಿದ ದಾರಿಯೂ ಇದೆ. ಶಾಲೆಯ ಮೈದಾನ ಅಲ್ಲಿಂದ 1,700 ಅಡಿ, ಲೆಕ್ಕದ ಪ್ರಕಾರ ಅಲ್ಲಿಗೆ 86 ಡೆಸಿಬೆಲ್ ತಲುಪಬೇಕು. ಮೊಬೈಲ್ ಹೋಮ್‌ಗಳು ಇನ್ನೂ ಹತ್ತಿರ. ಸಮಿತಿಯ ಒಬ್ಬರು ಮೈದಾನದ ಮೆಟ್ಟಿಲುಗಳ ಪಕ್ಕದಲ್ಲೇ ನೆಡೋಣವೆಂದು ನಿಜವಾಗಿಯೂ ಹೇಳಿದರು, ನಾನು 123 ಎಂಬ ಸಂಖ್ಯೆಯನ್ನು ಹೇಳಿದೆ. ಮೂರನೇಫೇಸ್ ಅವರಿಗೆ ವಿಶೇಷ ವಂದನೆ.

ಊರಿನ ವಿದ್ಯುತ್ ವಿಭಾಗದ ಮೇಲ್ವಿಚಾರಕರು ಕಂಬ ಮತ್ತು ಲಾರಿಯ ಹೊಣೆ ಹೊತ್ತಿದ್ದಾರೆ, ಕಂಬದ ಬೆಲೆ ಮಾತ್ರ ನಾವು ಕೊಡಬೇಕು. ಸೈರನ್ ಬಿಚ್ಚಿ ಜೋಡಿಸಲು ತರಬೇತಿ ಪಡೆದ ಒಬ್ಬ ತಂತ್ರಜ್ಞರನ್ನು ಎರಡು ದಿನಕ್ಕೆ ಕರೆಸುವುದು, ಬ್ಯಾಟರಿಗಳು, ಸಿಡಿಲು ನಿರೋಧಕ, ಹೊಸ ರೇಡಿಯೊ ಗ್ರಾಹಕ, ಇವೆಲ್ಲ ಸೇರಿ ಒಂಬತ್ತು ಸಾವಿರದ ಒಳಗೆ ನಿಲ್ಲಬಹುದೆಂದು ಅಂದಾಜು. ಉಳಿದದ್ದರಲ್ಲಿ ಅರವತ್ತು ಮನೆಗಳ ರೇಡಿಯೊಗಳನ್ನು ಕೊಳ್ಳಲು ಸಮಿತಿ ಒಪ್ಪಿದೆ. ತಿರುಗಿ ವರದಿ ಮಾಡುವ ನಿಯಂತ್ರಕಕ್ಕೆ ದರ ಕೇಳಿದ್ದೇವೆ. ನೇರನುಡಿಯವರ ಪ್ರಶ್ನೆಯನ್ನು ಶಾಲಾ ಮಂಡಳಿಗೆ ಪತ್ರದ ಮೂಲಕ ಕಳುಹಿಸಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.

ಒಂದು ತೊಡಕು ಉಳಿದಿದೆ. ಧಾನ್ಯದ ಉಗ್ರಾಣದ ಬಳಿ ಈಗಲೂ ಏಳು ಮನೆಗಳಿವೆ, ಹೆಚ್ಚಿನವರು ವಯಸ್ಸಾದವರು. ತಮ್ಮ ಸೈರನ್ನನ್ನು ಕಿತ್ತು ಹೊಸ ಬಡಾವಣೆಯವರಿಗೆ ಕೊಡುತ್ತಿದ್ದೀರಿ ಎಂದು ಅವರಲ್ಲಿ ಇಬ್ಬರು ಸಭೆಗೆ ಬಂದು ನೊಂದು ನುಡಿದರು. ಅತ್ಯಂತ ದೂರದ ಮನೆ ಠಾಣೆಯಿಂದ 4,000 ಅಡಿ ಇದೆ, ಥಂಡರ್‌ಬೋಲ್ಟ್ ಅಲ್ಲಿಗೆ 72 ಡೆಸಿಬೆಲ್ ಮುಟ್ಟಿಸುತ್ತದೆ ಎಂದು ನಾನು ಲೆಕ್ಕ ಹೇಳಿದೆ. ಅದು ಕಾಗದದ ಮೇಲಿನ ಮಾತು, ನಮ್ಮ ಮನೆಯ ಜಗಲಿಯದಲ್ಲ ಎಂದು ಅವರಲ್ಲಿ ಹಿರಿಯರೊಬ್ಬರು ಉತ್ತರಿಸಿದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದ್ದರಿಂದ ಬರುವ ತಿಂಗಳ ಮೊದಲ ಬುಧವಾರದ ಪರೀಕ್ಷೆಯಲ್ಲಿ ಪೂರ್ವದ ಸೈರನ್ನನ್ನು ಆರಿಸಿಟ್ಟು, ಥಂಡರ್‌ಬೋಲ್ಟನ್ನು ಮಾತ್ರ ಕೂಗಿಸುತ್ತೇವೆ. ಆ ಹೊತ್ತಿಗೆ ನಾನು ಅವರ ಜಗಲಿಯಲ್ಲಿ ಅವರ ಜೊತೆಗೇ ನಿಂತಿರುತ್ತೇನೆ. ಅಂದು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬುದನ್ನೂ ಸೇರಿಸಿ ಫಲಿತಾಂಶವನ್ನು ಇಲ್ಲಿ ಬರೆಯುತ್ತೇನೆ. ಅಲ್ಲಿ ಕೇಳದೇ ಹೋದರೆ ಉದ್ಯಾನದ ಚಿಕ್ಕ ಸೈರನ್ನನ್ನು ಪೂರ್ವಕ್ಕೆ ಒಯ್ಯುವ ಖರ್ಚು ಎಷ್ಟಾದೀತು ಎಂದು, ಮೂರನೇಫೇಸ್ ಅವರೇ, ಅಷ್ಟರೊಳಗೆ ಒಂದು ಅಂದಾಜು ತಿಳಿಸಿದರೆ ಉಪಕಾರವಾಗುತ್ತದೆ.